ಸರ್ವಿಸ್ ಪಟ್ಟಿಯಲ್ಲಿ ಒಂಬತ್ತು ಕೆಲಸ ಜಾಸ್ತಿ ಬರೆದಿದ್ದಾರೆ, ನಿಜವಾಗಿ ಬೇಕಾದದ್ದು ಯಾವುದು?

ಬೆಟ್ಟದಂಚು, ಶಿರಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ. ಶನಿವಾರ ನಾನು ಸರ್ವಿಸ್ ಸೆಂಟರಿಗೆ ಉತ್ತರ ಹೇಳಬೇಕು.

ನಮ್ಮದು ಶಿರಸಿಯಿಂದ 14 ಕಿ.ಮೀ. ಒಳಗೆ ತೋಟದ ಮನೆ. ಕಾರು ಚಿಕ್ಕದು, ಪೆಟ್ರೋಲ್, 2019ರದ್ದು. ಓಡಿದ್ದು 46,000 ಕಿ.ಮೀ. ಮೊದಲು ಕಾರಿನ ವಿಷಯವೆಲ್ಲ ಯಜಮಾನರೇ ನೋಡಿಕೊಳ್ಳುತ್ತಿದ್ದರು. ಎರಡು ವರ್ಷದ ಹಿಂದೆ ಅವರಿಗೆ ಹುಬ್ಬಳ್ಳಿಗೆ ವರ್ಗ ಆಯಿತು. ಅಲ್ಲಿಂದ ಪೂರ್ತಿ ನನ್ನ ಜವಾಬ್ದಾರಿ. ದಿನಾ ಶಾಲೆಗೆ ಹೋಗಿ ಬರುವುದು, ಒಟ್ಟು 9 ಕಿ.ಮೀ. ತಿಂಗಳಿಗೊಮ್ಮೆ ಮಾವನನ್ನು ಕೂರಿಸಿಕೊಂಡು ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರದ ಆಸ್ಪತ್ರೆಗೆ. ಮಾವನಿಗೆ 78 ವರ್ಷ. ಹಾಗಾಗಿ ಈ ಕಾರು ಘಟ್ಟದಲ್ಲಿ ಕೈ ಕೊಡಬಾರದು. ನನಗೆ ಬೇಕಾದದ್ದು ಇಷ್ಟೇ.

ಮಳೆ ಹಿಡಿಯುವ ಮೊದಲು ಸರ್ವಿಸ್ ಮುಗಿಸೋಣ ಅಂತ ಮೊನ್ನೆ ಹೋಗಿದ್ದೆ. ಮಾಮೂಲಿ ಸರ್ವಿಸ್‌ಗೆ, ಅಂದರೆ ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಮಜೂರಿ ಎಲ್ಲಾ ಸೇರಿ 5,200 ಅಂದರು. ಅದರ ಕೆಳಗೆ ಇನ್ನೊಂದು ಪಟ್ಟಿ. ಇಂಜಿನ್ ಫ್ಲಶ್, ಅಂದರೆ ಒಳಗಿನ ಕೊಳೆ ತೊಳೆಯುವುದು, 900. ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕ್ಲೀನಿಂಗ್ 1,800. ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕ್ಲೀನಿಂಗ್ 750. ಬ್ರೇಕ್ ಆಯಿಲ್ 950. ಇಂಜಿನ್ ತಂಪಾಗಿಡುವ ಕೂಲಂಟ್ 1,300. ಎಸಿ ಡಕ್ಟ್ ಕ್ಲೀನಿಂಗ್ 1,100. ಕಾರಿನ ಅಡಿಗೆ ತುಕ್ಕು ಹಿಡಿಯದ ಕೋಟಿಂಗ್ 4,200. ಚಕ್ರಗಳ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ 1,150. ಮುಂದಿನ ಬ್ರೇಕ್ ಪ್ಯಾಡ್ 2,400. ಹೀಗೆ ಜಾಸ್ತಿ ಕೆಲಸದ್ದೇ 14,550 ಆಯಿತು. ಎಲ್ಲಾ ಸೇರಿ 19,750. "ಮೇಡಂ, ಎಲ್ಲಾ ಮಾಡಿಸಿಬಿಡಿ, ಮಳೆಗಾಲಕ್ಕೆ ಸೇಫ್" ಅಂದರು. ಶನಿವಾರ ಹೇಳುತ್ತೇನೆ ಅಂತ ಕಾರು ತಿರುಗಿಸಿಕೊಂಡು ಬಂದೆ.

ಹೋದ ವರ್ಷ ನಾನು ಒಂದು ತಪ್ಪು ಮಾಡಿದ್ದೆ. ಏಳನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ಫೋನ್ ಬಂತು. "ಮೇಡಂ, ಇಂಜೆಕ್ಟರ್ ಕ್ಲೀನ್ ಮಾಡಿಬಿಡ್ಲಾ? ಫ್ಲಶ್ ಹಾಕಿಬಿಡ್ಲಾ? ಎಸಿ ವಾಸನೆ ಇದೆ, ಮಾಡಿಬಿಡ್ಲಾ?" ಮುಂದೆ ಮಕ್ಕಳು ಕೂತಿದ್ದರು. ಹೂಂ ಅಂದೆ, ಮೂರಕ್ಕೂ ಹೂಂ. ನಿನ್ನೆ ರಾತ್ರಿ ಆ ಹಳೇ ಬಿಲ್ಲು ತೆಗೆದು ಈ ಸಲದ ಪಟ್ಟಿಯ ಪಕ್ಕ ಇಟ್ಟು ನೋಡಿದೆ. ಅದೇ ಮೂರು ಕೆಲಸ ಮತ್ತೆ ಇದೆ! ನಡುವೆ ಕಾರು ಓಡಿದ್ದು 7,000 ಕಿ.ಮೀ. ಅಷ್ಟು ಬೇಗ ಮತ್ತೆ ಕೊಳೆ ಆಗುತ್ತದಾ? ಇನ್ನೊಂದು ವಿಷಯ. ಬ್ರೇಕ್ ಆಯಿಲ್ ಅಂತ ಹಳೇ ಬಿಲ್ಲುಗಳಲ್ಲಿ ಎಲ್ಲೂ ಇಲ್ಲ. ಕಾರು ತಂದಾಗಿನ ಎಲ್ಲ ಬಿಲ್ಲೂ ಯಜಮಾನರು ಒಂದೇ ಫೈಲಿನಲ್ಲಿ ಇಟ್ಟಿದ್ದಾರೆ, ಒಂದೊಂದಾಗಿ ತಿರುವಿ ನೋಡಿದೆ.

ದುಡ್ಡು ಖರ್ಚಾಗುತ್ತದೆ ಅಂತ ಹಿಂದೆಮುಂದೆ ನೋಡುತ್ತಿಲ್ಲ. ಬೇಕಾದದ್ದಕ್ಕೆ ಖಂಡಿತ ಕೊಡುತ್ತೇನೆ. ಆದರೆ ಯಾವುದು ಬೇಕು, ಯಾವುದು ಸುಮ್ನೆ ಅಂತ ನನಗೆ ತಿಳಿಯಬೇಕು. ಮತ್ತೆ ಹೇಗೆ ಕೇಳುವುದು ಅನ್ನುವುದೂ ಒಂದು ಕಷ್ಟ. ಅಲ್ಲಿ ಕೆಲಸ ಮಾಡುವ ಇಬ್ಬರು ಹುಡುಗರು ನಮ್ಮ ಶಾಲೆಯಲ್ಲೇ ಓದಿದವರು. ಅವರನ್ನು ನಂಬಲಿಲ್ಲ ಅಂತ ಆಗಬಾರದು. ಸರ್ವಿಸ್ ಸೆಂಟರಿನ ಹೆಸರು ಬೇಡ, ಯಾರೂ ಕೇಳಬೇಡಿ.

ಘಟ್ಟದ ಕೆಳಗೆ, ಕುಮಟಾ

ತಂಗೀ, ನಾನು 31 ವರ್ಷ ಗ್ಯಾರೇಜ್ ನಡೆಸಿದವ. ಈಗ ಮಗ ನೋಡಿಕೊಳ್ಳುತ್ತಾನೆ. ದೇವಿಮನೆ ಇಳಿದು ಹೊಗೆ ಬರಿಸಿಕೊಂಡು ಬಂದ ಕಾರುಗಳು ಮೊದಲು ನಮ್ಮ ಬಾಗಿಲಿಗೇ ಬರುವುದು. ಹಾಗಾಗಿ ಬ್ರೇಕಿನಿಂದಲೇ ಶುರು ಮಾಡುತ್ತೇನೆ.

ನಿನ್ನ ಪಟ್ಟಿಯಲ್ಲಿ ಬ್ರೇಕ್ ಆಯಿಲ್ ಬೇಕೇ ಬೇಕು. 950 ಕೊಟ್ಟು ಕಣ್ಣುಮುಚ್ಚಿ ಮಾಡಿಸು. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರಿನ ಪಸೆ ಹೀರಿಕೊಳ್ಳುತ್ತದೆ, ಅದರ ಗುಣವೇ ಹಾಗೆ. ನಮ್ಮ ಕಡೆ ವರ್ಷದಲ್ಲಿ ನಾಲ್ಕು ತಿಂಗಳು ಉಪ್ಪಿನ ಭರಣಿಯೇ ಬೆವರುತ್ತದೆ, ಅಂಥ ಜಾಗ. ಕಾರಿನ ಬ್ರೇಕ್ ಆಯಿಲ್ ಡಬ್ಬದ ಮುಚ್ಚಳ ನೋಡು, ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ, ಅದು ಎಣ್ಣೆಯ ದರ್ಜೆ. ಡಾಟ್ 3 ಹೊಸದಾಗಿದ್ದಾಗ ಕಡಿಮೆ ಅಂದರೂ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಶೇಕಡಾ 3.7ರಷ್ಟು ನೀರು ಸೇರಿತು ಅಂದರೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಅದು 230 ಮತ್ತು 155. ಘಟ್ಟದಲ್ಲಿ ಪೆಡಲ್ ಒತ್ತಿಕೊಂಡೇ ಇಳಿದರೆ ಬ್ರೇಕಿನ ಹತ್ತಿರ ಎಷ್ಟು ಬಿಸಿ ಆಗುತ್ತದೆ ಗೊತ್ತಾ? ಒಳಗಿನ ನೀರು ಕುದಿದು ಆವಿ ಆಗುತ್ತದೆ. ಎಣ್ಣೆಯನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಬ್ರೇಕ್ ಹಿಡಿಯುತ್ತದೆ. ಆವಿಯನ್ನು ಒತ್ತಿದರೆ ಕುಗ್ಗುತ್ತದೆ. ಆಗ ಪೆಡಲ್ ಕಾಲ ಕೆಳಗೆ ಹತ್ತಿಯ ದಿಂಬಿನ ಹಾಗೆ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ಹಾಗಾದ ಕಾರನ್ನು ಗುಡ್ಡಕ್ಕೆ ಉಜ್ಜಿ ನಿಲ್ಲಿಸಿದವರನ್ನು ನಾನು ನೋಡಿದ್ದೇನೆ. ಮರುದಿನ ಅದೇ ಕಾರು ತಣ್ಣಗಾಗಿ ಗ್ಯಾರೇಜಿಗೆ ಬಂದಾಗ ಪೆಡಲ್ ಸರಿಯಾಗೇ ಇತ್ತು. ಅದಕ್ಕೇ ಜನ ನಂಬುವುದಿಲ್ಲ.

ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಅಂತ ಬಹಳ ಕಂಪನಿಗಳ ಪುಸ್ತಕದಲ್ಲೇ ಇರುತ್ತದೆ. ನಿಮ್ಮ ಶಿರಸಿಯವರಿಗೆ ನೆನಪಿಡುವುದು ಸುಲಭ. ಮಾರಿಕಾಂಬಾ ಜಾತ್ರೆಯೂ ಎರಡು ವರ್ಷಕ್ಕೊಮ್ಮೆ, ಅದು ಬಂದ ವರ್ಷ ಬ್ರೇಕ್ ಆಯಿಲ್. ಈಗ ಜಾತ್ರೆಗೆ ಕಾಯಬೇಡ, ಈಗಲೇ ಮಾಡಿಸು. ಮುಂದಿನದನ್ನು ಜಾತ್ರೆಗೆ ಸೇರಿಸಿಕೋ.

ಪ್ಯಾಡ್ ಬಗ್ಗೆ ಇಲ್ಲಿಂದಲೇ ಹೇಳಲು ಆಗುವುದಿಲ್ಲ. ಚಕ್ರ ಬಿಚ್ಚಿಸು, ನೋಡು. ಹೊಸ ಪ್ಯಾಡಿನ ಉಜ್ಜುವ ಭಾಗ ಸುಮಾರು 10 ಮಿ.ಮೀ. ದಪ್ಪ. 3ಕ್ಕೆ ಬಂದರೆ ಬದಲಿಸಬೇಕು. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಬೇಗ ಸವೆದಿರಬಹುದು, ಅದನ್ನೂ ಅಳೆ. ಪ್ಯಾಡ್ ಹಿಡಿಯುವ ಡಿಸ್ಕಿನ ಮೇಲೆ ಕೆಂಪು ತುಕ್ಕು ತೋರಿಸಿ ಹೆದರಿಸಿದರೆ ಹೆದರಬೇಡ. ಮಳೆಯಲ್ಲಿ ಒಂದು ರಾತ್ರಿ ನಿಂತರೆ ಎಲ್ಲ ಕಾರಿಗೂ ಬರುತ್ತದೆ, ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ.

ಫ್ಲಶ್ ಬೇಡ. ವರ್ಷಾ ವರ್ಷ ಆಯಿಲ್ ಬದಲಿಸಿದ ಇಂಜಿನ್‌ಗೆ ಅದರಿಂದ ಏನೂ ಲಾಭ ಇಲ್ಲ. ಬಹಳ ಕಾಲ ಬಿಟ್ಟ ಇಂಜಿನ್‌ಗೆ ಹಾಕಿದರೆ ಕೊಳೆ ಒಮ್ಮೆಲೇ ಕಿತ್ತು ಬಂದು ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಳ್ಳುವ ಅಪಾಯವೂ ಇದೆ. ಇಂಜೆಕ್ಟರ್, ಥ್ರಾಟಲ್ ಬಾಡಿ ಎರಡೂ ರೋಗ ಇದ್ದರೆ ಮಾತ್ರ ಮದ್ದು. ಬೆಳಿಗ್ಗೆ ಸ್ಟಾರ್ಟ್ ಆಗಲು ಕಷ್ಟವಾ? ನಿಂತಾಗ ಇಂಜಿನ್ ಏರಿಳಿತ ಮಾಡುತ್ತದಾ? ಮೈಲೇಜ್ ಒಮ್ಮೆಲೇ ಬಿದ್ದಿದೆಯಾ? ಇಲ್ಲ ಅಂದರೆ ಬಿಡು.

ಆದರೆ ಇಂಜಿನ್ ಆಯಿಲ್ ಮಾತ್ರ ಕಿ.ಮೀ. ಕಡಿಮೆ ಓಡಿದೆ ಅಂತ ಮುಂದೆ ಹಾಕಬೇಡ. ಹೋಗುತ್ತಾ ನಾಲ್ಕೂವರೆ, ಬರುತ್ತಾ ನಾಲ್ಕೂವರೆ ಅಂದರೆ ಇಂಜಿನ್ ಸರಿಯಾಗಿ ಬಿಸಿ ಆಗುವುದರೊಳಗೆ ಮನೆ ಬರುತ್ತದೆ. ಒಳಗಿನ ತೇವ ಆರುವುದಿಲ್ಲ. ಮಳೆಗಾಲದಲ್ಲಿ ಆಯಿಲ್ ಮುಚ್ಚಳ ತೆಗೆದು ನೋಡಿದರೆ ಅಡಿಯಲ್ಲಿ ಬೆಣ್ಣೆ ಮೆತ್ತಿದ ಹಾಗೆ ಬಿಳಿ ನೊರೆ ಕಾಣಬಹುದು. ಮುಚ್ಚಳದಲ್ಲಿ ಮಾತ್ರ ಇದ್ದರೆ ಒರೆಸಿ, ಒಂದು ಸಲ ದೂರ ಓಡಿಸಿಕೊಂಡು ಬಾ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್‌ನಲ್ಲೂ ಹಾಗೇ ಇದ್ದು ಕೂಲಂಟ್ ಕಡಿಮೆ ಆಗುತ್ತಿದ್ದರೆ ಮಾತ್ರ ಗಾಡಿ ನಿಲ್ಲಿಸಿ ಗ್ಯಾರೇಜಿಗೆ ಫೋನ್ ಮಾಡು.

ಎಸಿ ವಾಸನೆಗೆ ಮೊದಲು ಕ್ಯಾಬಿನ್ ಫಿಲ್ಟರ್, ಅಂದರೆ ಕಾರಿನೊಳಗೆ ಬರುವ ಗಾಳಿ ಸೋಸುವುದು, ನೋಡು. ಬಹಳ ಕಾರಲ್ಲಿ ಎಡಗಡೆ ಸೀಟಿನ ಮುಂದಿನ ಖಾನೆಯ ಹಿಂದೆ ಇರುತ್ತದೆ, ಕೈಯಲ್ಲೇ ಬಿಚ್ಚಬಹುದು. ತೋಟದ ಮನೆ ಅಂದರೆ ಅದರಲ್ಲಿ ಬೂಷ್ಟು ಹಿಡಿದಿರುತ್ತದೆ. ಮನೆ ತಲುಪುವ ಎರಡು ನಿಮಿಷ ಮೊದಲು ಎಸಿ ಆಫ್ ಮಾಡಿ ಫ್ಯಾನ್ ಮಾತ್ರ ಬಿಡು, ಒಳಗೆ ಒಣಗುತ್ತದೆ.

ಹುಡುಗರ ಬಗ್ಗೆ ಚಿಂತೆ ಬಿಡು. ಕೆಲಸ ಗೊತ್ತಿದ್ದವನಿಗೆ "ತೋರಿಸು" ಅಂದರೆ ಸಿಟ್ಟು ಬರುವುದಿಲ್ಲ. ನನ್ನ ಹತ್ತಿರ ಯಾರಾದರೂ ಹಳೇ ಪಾರ್ಟ್ ತೋರಿಸಿ ಅಂದಾಗ ನಾನು ಬಿಚ್ಚುವುದು ಬಿಟ್ಟು ಅರ್ಧ ಗಂಟೆ ವಿವರಿಸುತ್ತಿದ್ದೆ. ಪಟ್ಟಿ ಬರೆಯುವವರು ಬೇರೆ, ಕಾರಿನ ಅಡಿಗೆ ಮಲಗುವವರು ಬೇರೆ. ಅಡಿಗೆ ಮಲಗುವವನನ್ನು ಕೇಳು.

ಕಾಳಿ ದಡ, ಕಾರವಾರ

ಕುಮಟಾದ ಅಣ್ಣ ಚೆನ್ನಾಗಿ ಹೇಳಿದ್ದಾರೆ. ತುಕ್ಕಿನ ಕೋಟಿಂಗ್ ಬಗ್ಗೆ ಅವರು ಬರೆದಿಲ್ಲ, ಅದು ನಾನು ಅನುಭವಿಸಿದ ವಿಷಯ.

ನಮ್ಮ ಮನೆಯಿಂದ ಸಮುದ್ರಕ್ಕೆ ನಡೆದು ಹೋಗಬಹುದು. ಇಲ್ಲಿ ಉಪ್ಪು ಗಾಳಿ, ಕಿಟಕಿಯ ಸರಳೂ ಉದುರುತ್ತದೆ. ನನ್ನ ಹಿಂದಿನ ಕಾರಿಗೆ ಜುಲೈನಲ್ಲಿ ಕೋಟಿಂಗ್ ಮಾಡಿಸಿದೆ. ನೀರು ಹಾಕಿ ತೊಳೆದರು, ಸ್ವಲ್ಪ ಗಾಳಿ ಊದಿದರು, ಕಪ್ಪಗೆ ಬಳಿದರು. ಮೂರು ವರ್ಷ ನೋಡಲಿಕ್ಕೆ ಹೊಸದರ ಹಾಗೇ ಇತ್ತು. ಆಮೇಲೆ ಒಂದು ದಿನ ಹಿಂದಿನ ಚಕ್ರದ ಮೇಲಿನ ಕಮಾನಿಗೆ ಸ್ಕ್ರೂಡ್ರೈವರ್ ತಾಗಿಸಿದೆ. ಸಿಪ್ಪೆ ಎದ್ದು ಬಂತು, ಅದರ ಹಿಂದೆ ತಗಡೇ ಇರಲಿಲ್ಲ. ಪುಡಿ ಇತ್ತು. ಕೋಟಿಂಗ್ ಒಳಗೆ ಸಿಕ್ಕಿಬಿದ್ದ ತೇವವೇ ತಿಂದು ಹಾಕಿತ್ತು.

ಹಾಗಾಗಿ ಅಕ್ಕ, ಮಳೆ ಹೊಸ್ತಿಲಲ್ಲಿ ಇರುವಾಗ ಅವಸರದಲ್ಲಿ ಮಾಡಿಸಬೇಡಿ. ಕೋಟಿಂಗ್ ಬೇಕೇ ಬೇಕು ಅನ್ನಿಸಿದರೆ ಫೆಬ್ರವರಿ, ಮಾರ್ಚಿನಲ್ಲಿ, ಕಾರು ಎರಡು ದಿನ ಬಿಸಿಲಿಗೆ ಒಣಗಿದ ಮೇಲೆ. ಈಗಿನ ಕಾರಿಗೆ ಕಂಪನಿಯಿಂದಲೇ ತಕ್ಕಮಟ್ಟಿನ ಲೇಪ ಇರುತ್ತದೆ. ಶಿರಸಿಯಲ್ಲಿ ಉಪ್ಪಿನ ಕಾಟ ಇಲ್ಲ. ನೀವು ತಿಂಗಳಿಗೊಮ್ಮೆ ಇಲ್ಲಿಗೆ ಬಂದು ಹೋದಮೇಲೆ ಅಡಿಗೆ ಒಳ್ಳೆ ನೀರು ಜೋರಾಗಿ ಬಿಡಿ, ಸಾಕು. ಬಾಗಿಲಿನ ಅಡಿ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ, ನೀರು ಹೋಗಲಿಕ್ಕೆ. ಅದು ಮಣ್ಣಿಂದ ಮುಚ್ಚಿಕೊಂಡಿದ್ದರೆ ಹಿಡಿಕಡ್ಡಿಯಲ್ಲಿ ಬಿಡಿಸಿ. ವೈಪರ್ ಬುಡದಲ್ಲಿ ಎಲೆ ಕೂತಿದ್ದರೆ ಅದನ್ನೂ ತೆಗೆಯಿರಿ. ತುಕ್ಕು ಶುರುವಾಗುವುದು ಇಂಥಲ್ಲೇ.

ಇನ್ನೊಂದು, ಮಳೆಗಾಲದಲ್ಲಿ ಕಾರು ನಾಲ್ಕೈದು ದಿನ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿಗೆ ಬ್ರೇಕ್ ಶೂ ಅಂಟಿಕೊಳ್ಳುತ್ತದೆ. ಸಮತಟ್ಟು ಅಂಗಳದಲ್ಲಿ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.

ದಿನಾ ಅರಬೈಲ್, ಯಲ್ಲಾಪುರ

ನಾನು ಟ್ಯಾಕ್ಸಿ ಓಡಿಸುವವನು. ಬೇಡ ಬೇಡ ಅನ್ನುವುದೂ ಅತಿ ಆಗಬಾರದು ಅಂತ ಬರೆಯುತ್ತಿದ್ದೇನೆ.

ಕೂಲಂಟ್ ಬಿಡಬೇಡಿ ಮೇಡಂ. ನಾನು ಮೊದಲ ಗಾಡಿಯಲ್ಲಿ ಕೂಲಂಟ್ ಕಡಿಮೆ ಆದಾಗೆಲ್ಲ ಬಾವಿ ನೀರು ಹಾಕುತ್ತಿದ್ದೆ. ನೀರು ನೀರೇ ಅಲ್ವಾ ಅಂದುಕೊಂಡಿದ್ದೆ. ಕೂಲಂಟ್‌ನಲ್ಲಿ ಒಳಗೆ ತುಕ್ಕು ಹಿಡಿಯದ ಹಾಗೆ ಮಾಡುವ ಔಷಧಿ ಇರುತ್ತದೆ, ಬಾವಿ ನೀರಲ್ಲಿ ಅದಿಲ್ಲ. ಅಂಕೋಲಾದಿಂದ ಏಳು ಜನ ತುಂಬಿಕೊಂಡು ಅರಬೈಲ್ ಘಟ್ಟ ಏರುವಾಗ ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಇನ್ನೊಂದು ತಿರುವು, ಇನ್ನೊಂದು ತಿರುವು ಅಂತ ಏರಿಸಿದೆ. ಇಂಜಿನ್ ಒಳಗಿನ ಹೆಡ್ ಗ್ಯಾಸ್ಕೆಟ್ ಹೋಯಿತು. ರೇಡಿಯೇಟರ್ ಬಿಚ್ಚಿದಾಗ ಒಳಗೆ ಕೆಂಪು ರಾಡಿ. 38,000 ರೂಪಾಯಿ, ಹದಿನೈದು ದಿನ ದುಡಿಮೆ ಇಲ್ಲ. ಮಗಳ ಫೀ ಕಟ್ಟುವ ತಿಂಗಳು ಅದು.

ನಿಮ್ಮ ಕಾರಿನ ಪುಸ್ತಕ ತೆಗೆಯಿರಿ. ಹಿಂದಿನ ಪುಟಗಳಲ್ಲಿ ಒಂದು ಕೋಷ್ಟಕ ಇರುತ್ತದೆ. ಇಷ್ಟು ಕಿ.ಮೀ. ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು. ನಮ್ಮ ಊರಲ್ಲಿ ಎಲ್ಲರೂ ಕಿ.ಮೀ. ಮಾತ್ರ ನೋಡುತ್ತಾರೆ. ನಿಮ್ಮಂಥ ಕಡಿಮೆ ಓಡುವ ಗಾಡಿಗೆ ವರ್ಷವೇ ಮುಖ್ಯ. ಗುಡ್ಡದ ದಾರಿ, ಧೂಳು, ಗಿಡ್ಡ ಓಡಾಟ ಇದ್ದರೆ ಇನ್ನೂ ಬೇಗ ಮಾಡಿಸಿ ಅಂತಲೂ ಅದರಲ್ಲೇ ಬರೆದಿರುತ್ತದೆ. ಮತ್ತೆ, ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಯಾವತ್ತೂ ತೆಗೆಯಬೇಡಿ.

ಅಲೈನ್‌ಮೆಂಟ್ ಈಗ ಬೇಡ. ಮಳೆ ಮುಗಿಯುವುದರೊಳಗೆ ಗುಂಡಿಗೆ ಬಿದ್ದು ಮತ್ತೆ ಹಾಳಾಗುತ್ತದೆ. ಈಗ ಒಂದು ಕಡೆಗೆ ಎಳೆಯುತ್ತಿದ್ದರೆ ಮಾತ್ರ ಮಾಡಿಸಿ, ಇಲ್ಲದಿದ್ದರೆ ಅಕ್ಟೋಬರಿಗೆ.

ಒಂದು ಕೇಳುತ್ತೇನೆ. ಪಟ್ಟಿಯಲ್ಲಿ ಒಂಬತ್ತು ಕೆಲಸ ಇದೆ, ಟೈರ್ ಅನ್ನುವ ಹೆಸರೇ ಇಲ್ಲ. ಕಂಪನಿಯಿಂದ ಬಂದ ಟೈರಾ? ಹಾಗಾದರೆ ಆರು ವರ್ಷ ದಾಟಿದೆ. ಪಕ್ಕದಲ್ಲಿ ಒಂದು ಸಣ್ಣ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಗೀರಿನ ಆಳ ನೋಡಿ. ಕಾನೂನಿನಲ್ಲಿ 1.6 ಮಿ.ಮೀ. ಕೊನೆ. ಆದರೆ ನಮ್ಮ ಮಳೆಗೆ ನಾನು 3ಕ್ಕೇ ಬದಲಿಸುತ್ತೇನೆ. ಕಾರವಾರ ಹೆದ್ದಾರಿಯಲ್ಲಿ ನೀರು ನಿಂತಿರುತ್ತದೆ, ಸವೆದ ಟೈರ್ ಆ ನೀರನ್ನು ಹೊರಗೆ ತಳ್ಳುವುದಿಲ್ಲ, ಅದರ ಮೇಲೆ ಜಾರುತ್ತದೆ. ಆಗ ಬ್ರೇಕ್ ಎಷ್ಟು ಹೊಸದಿದ್ದರೂ ಉಪಯೋಗ ಇಲ್ಲ.

ಬೆಟ್ಟದಂಚು, ಶಿರಸಿ

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಶನಿವಾರ ಹೋಗಿ ಬಂದೆ. ಏನಾಯಿತು ಅಂತ ಬರೆಯುತ್ತೇನೆ, ಇನ್ಯಾರಿಗಾದರೂ ಬೇಕಾಗಬಹುದು.

ಶುಕ್ರವಾರ ರಾತ್ರಿ ಪುಸ್ತಕ ಓದಿದೆ. ಬ್ರೇಕ್ ಆಯಿಲ್ ಎರಡು ವರ್ಷ ಅಂತ ಸ್ಪಷ್ಟವಾಗಿ ಇದೆ. ಕೂಲಂಟ್ ಬದಲಿಸುವ ವರ್ಷವೂ ಇದೇ. ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಕೋಟಿಂಗ್ ಇವು ಕೋಷ್ಟಕದಲ್ಲಿ ಇಲ್ಲವೇ ಇಲ್ಲ.

ಶಾಲೆಯ ಸ್ಕೇಲು ಚೀಲದಲ್ಲಿ ಹಾಕಿಕೊಂಡು ಹೋದೆ. ನಮ್ಮ ಹಳೇ ವಿದ್ಯಾರ್ಥಿಯನ್ನೇ ಕರೆದು, "ತಮ್ಮಾ, ನನಗೆ ಕಲಿಯಬೇಕು, ಒಂದು ಚಕ್ರ ಬಿಚ್ಚಿ ತೋರಿಸು" ಅಂದೆ. ಅವನು ಒಂದು ಮಾತೂ ಆಡದೆ ಜ್ಯಾಕ್ ಏರಿಸಿದ. ಹೊರಗಿನ ಪ್ಯಾಡ್ 6 ಮಿ.ಮೀ. ಒಳಗಿನದು 5. ಹತ್ತಿರದಿಂದ ನೋಡಿದರೆ ಅರ್ಧ ಬಳಸಿದ ರಬ್ಬರಿನ ಹಾಗಿತ್ತು, ನಡುವಿನ ಗೀರು ಇನ್ನೂ ಕಾಣುತ್ತಿತ್ತು. "ಟೀಚರ್, ಇದು ಇನ್ನೂ ಓಡುತ್ತದೆ, ಆರು ತಿಂಗಳು ಬಿಟ್ಟು ನೋಡುವ" ಅಂತ ಅವನೇ ಹೇಳಿದ. ಪಟ್ಟಿ ಬರೆದವರು ಚಕ್ರ ಬಿಚ್ಚಿಯೇ ಇರಲಿಲ್ಲ.

ಬ್ರೇಕ್ ಆಯಿಲ್ ಡಬ್ಬಕ್ಕೆ ಪೆನ್ನಿನಂಥ ಒಂದು ಸಾಧನ ಅದ್ದಿದ. ಕೆಂಪು ದೀಪ ಹತ್ತಿತು. ನೀರು ಜಾಸ್ತಿ ಇದೆ ಅಂತ ಅರ್ಥವಂತೆ. ಹೊರಗೆ ತೆಗೆದ ಎಣ್ಣೆಯನ್ನು ಬಾಟಲಿಯಲ್ಲಿ ಹಿಡಿದು ತೋರಿಸಿದ. ಹೊಸದು ತೆಳು ಜೇನಿನ ಬಣ್ಣ, ನಮ್ಮದು ಕಷಾಯ. ಆರು ವರ್ಷ ಇದನ್ನೇ ನಂಬಿಕೊಂಡು ಮಾವನನ್ನು ಕೂರಿಸಿಕೊಂಡು ಘಟ್ಟ ಇಳಿದಿದ್ದೇನೆ. ಆ ಬಾಟಲಿ ನೋಡಿ ನನಗೆ ಕೈ ನಡುಗಿತು, ಸುಳ್ಳಲ್ಲ.

ಮಾಮೂಲಿ ಸರ್ವಿಸ್, ಬ್ರೇಕ್ ಆಯಿಲ್, ಕೂಲಂಟ್. ಒಟ್ಟು 7,450. ಕ್ಯಾಬಿನ್ ಫಿಲ್ಟರ್ ನಾನೇ ಪೇಟೆಯಿಂದ 350ಕ್ಕೆ ತಂದು ಹಾಕಿದೆ. ಹಳೆಯದರಲ್ಲಿ ಅಡಿಕೆ ಸಿಪ್ಪೆಯ ಚೂರು, ಒಂದು ಸತ್ತ ಜಿರಳೆ, ಕಪ್ಪು ಬೂಷ್ಟು. ವಾಸನೆ ಅವತ್ತೇ ಹೋಯಿತು. ಹೋದ ವರ್ಷ ಎಸಿ ಕ್ಲೀನಿಂಗ್‌ಗೆ ದುಡ್ಡು ಕೊಟ್ಟಿದ್ದೆ. ಈ ಫಿಲ್ಟರನ್ನು ಮಾತ್ರ ಆಗ ಯಾರೂ ತೆಗೆದಿರಲಿಲ್ಲ ಅಂತ ಕಾಣುತ್ತದೆ.

ಟೈರ್ ಬಗ್ಗೆ ಯಲ್ಲಾಪುರದವರು ಹೇಳದಿದ್ದರೆ ನಾನು ನೋಡುತ್ತಲೇ ಇರಲಿಲ್ಲ. ನಾಲ್ಕಕ್ಕೂ 0919. ಮುಂದಿನ ಎರಡರ ಗೀರಿನ ಆಳ ಎರಡೂವರೆ ಮಿ.ಮೀ., ಹಿಂದಿನದು ಮೂರು. ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು. ಉಳಿದ 12,300 ಅಲ್ಲಿಗೇ ಹಾಕುತ್ತೇನೆ, ಉಳಿದದ್ದು ಯಜಮಾನರು ಕಳಿಸುತ್ತಾರೆ. ಈಗ ಎರಡು ಮಾತ್ರ ಹಾಕಿಸಿದರೆ ಆಗುತ್ತದಾ, ನಾಲ್ಕೂ ಬೇಕಾ?

ಘಟ್ಟದ ಕೆಳಗೆ, ಕುಮಟಾ

ಆರು ವರ್ಷ, ಬಿರುಕು ಎರಡೂ ಇದ್ದ ಮೇಲೆ ನಾಲ್ಕೂ ಹಾಕಿಸು ತಂಗೀ. ದುಡ್ಡು ಹೊಂದದೆ ಈ ತಿಂಗಳು ಎರಡೇ ಅಂತಾದರೆ ಹೊಸದನ್ನು ಹಿಂದೆ ಹಾಕಿಸು, ಇದ್ದುದರಲ್ಲಿ ಒಳ್ಳೆಯದನ್ನು ಮುಂದೆ. ಜನ ಉಲ್ಟಾ ಮಾಡುತ್ತಾರೆ. ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಜಾರಿದರೆ ಕಾರು ಸುತ್ತಿಬಿಡುತ್ತದೆ, ಹಿಡಿಯಲು ಆಗುವುದಿಲ್ಲ. ನಾಲ್ಕೂ ಆಗುವವರೆಗೆ ಮಾವನನ್ನು ಕರೆದುಕೊಂಡು ಹೋಗುವ ದಿನ ಮಳೆ ಜೋರಿದ್ದರೆ ತಾರೀಕು ಮುಂದೆ ಹಾಕು. ಇಳಿಯುವಾಗ ಎರಡನೇ ಗೇರ್, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬೇಡ. ಮತ್ತೆ ಸ್ಟೆಪ್ನಿ ನೋಡಿದೆಯಾ? ಅದರ ತಾರೀಕು, ಗಾಳಿ ಎರಡೂ ನೋಡು.

ಬೆಟ್ಟದಂಚು, ಶಿರಸಿ

ಈಗಷ್ಟೇ ಡಿಕ್ಕಿ ತೆಗೆದು ನೋಡಿದೆ. ಅದೂ 0919. ಗೀರು ಹೊಸದರ ಹಾಗೇ ಇದೆ, ಒಂದು ಸಲವೂ ನೆಲ ಮುಟ್ಟಿಲ್ಲ. ಪೇಟೆಗೆ ಒಯ್ದು ಗಾಳಿ ಚೆಕ್ ಮಾಡಿಸಿದರೆ 12 ಇತ್ತು. ದೇವಿಮನೆಯಲ್ಲಿ ಪಂಕ್ಚರ್ ಆಗಿದ್ದರೆ ಅಲ್ಲೇ ಕೂರಬೇಕಿತ್ತು. 33 ತುಂಬಿಸಿಕೊಂಡು ಬಂದೆ. ಟೈರ್ ಅಂಗಡಿಯವರು ಬುಧವಾರ ಬರಲು ಹೇಳಿದ್ದಾರೆ, ನಾಲ್ಕಕ್ಕೂ.